ಅಟ್ಟ ಬೆವರಿದಾಗ, ಅಟ್ಟ ಬೇಯುವಾಗ: ಮಾಡಿನ ಗಾಳಿಯಾಟದ ದೋಷ ಪತ್ತೆ

ಅಟ್ಟ ಹತ್ತಿದ ಕೂಡಲೇ ನಾನು ನೋಡುವುದು ಮೊಳೆಗಳನ್ನು. ಮಾಡಿನ ಹಲಗೆಯನ್ನು ತೂರಿ ಕೆಳಗೆ ಇಣುಕುವ ಮೊಳೆಯ ತುದಿ ಹೊಸದರಂತೆ ಹೊಳೆಯುತ್ತಿದ್ದರೆ ಆ ಅಟ್ಟಕ್ಕೆ ನೀರಿನ ಕಾಟವಿಲ್ಲ. ತುದಿಗೆ ತುಕ್ಕು ಹಿಡಿದು, ಸುತ್ತಲಿನ ಮರ ನಾಣ್ಯದಗಲ ಕಪ್ಪಾಗಿ, ನೇರ ಕೆಳಗಿನ ಶಾಖ ನಿರೋಧಕ ಹಾಸಿನಲ್ಲಿ ಹನಿ ಬಿದ್ದ ಸಣ್ಣ ಗುಳಿಗಳು ಮೊಳೆಗಳ ಸಾಲಿನಂತೆಯೇ ಸಾಲಾಗಿ ಕಂಡರೆ, ಎಲ್ಲಿಂದಲೋ ಬಂದ ಆವಿ ಅಲ್ಲಿ ನೀರಾಗುತ್ತಿದೆ ಎಂದು ತಿಳಿಯಬೇಕು. ಮರದಲ್ಲಿ ಶಾಖ ನಿಧಾನವಾಗಿ ಹರಿಯುತ್ತದೆ, ಲೋಹದಲ್ಲಿ ಬೇಗ. ರಾತ್ರಿಯ ಚಳಿಯನ್ನು ಮೊಳೆ ಒಳಗೆ ಎಳೆದು ತರುತ್ತದೆ. ಆವಿ ಮೊದಲು ಕೂರುವುದೂ ಅದರ ಮೇಲೆಯೇ.

ಇಷ್ಟು ನೋಡುವ ತಾಳ್ಮೆಯೂ ಇಲ್ಲದೆ ಮದ್ದು ಹೇಳುವವರೇ ಹೆಚ್ಚು. ಅಟ್ಟದ ಬಗ್ಗೆ ಏನೇ ದೂರು ಬರಲಿ, ಅವರ ಉತ್ತರ ಒಂದೇ: ಮಾಡಿನಲ್ಲಿ ಇನ್ನೊಂದು ತೂತು ಕೊರೆಯೋಣ, ಇನ್ನೊಂದು ವೆಂಟ್ ಕೂರಿಸೋಣ. ಸೆಖೆಯೇ? ವೆಂಟ್. ಬೂಷ್ಟೇ? ವೆಂಟ್. ಮುಗ್ಗಲು ವಾಸನೆಯೇ? ಎರಡು ವೆಂಟ್. ಇದು ಕೆಲವೊಮ್ಮೆ ಫಲಿಸುತ್ತದೆ, ಕೆಲವೊಮ್ಮೆ ಯಾವ ಬದಲಾವಣೆಯನ್ನೂ ತರುವುದಿಲ್ಲ, ಕೆಲವೊಮ್ಮೆ ರೋಗವನ್ನೇ ಉಲ್ಬಣಿಸುತ್ತದೆ. ನನ್ನ ಅನುಭವದಲ್ಲಿ ಅಟ್ಟದಲ್ಲಿ ಕಾಣುವ ದೋಷ ಅಟ್ಟದಲ್ಲಿಯೇ ಹುಟ್ಟಿರುವುದು ಕಡಿಮೆ. ಕೆಳಗಿನ ಕೋಣೆಗಳಿಂದ ಮೇಲೇರಿ ಬಂದಿರುತ್ತದೆ, ಇಲ್ಲವೇ ಸೂರಿನಡಿಯ ಮುಚ್ಚಿಹೋದ ಕಿಂಡಿಯಿಂದ ಶುರುವಾಗಿರುತ್ತದೆ. ಆದ್ದರಿಂದ ಹುಡುಕಾಟ ಕೆಳಗಿನಿಂದ ಮೇಲಕ್ಕೆ ಸಾಗಬೇಕು. ಗರಗಸದ ಸರದಿ ಎಲ್ಲಕ್ಕಿಂತ ಕೊನೆಗೆ.

ಗಾಳಿಯನ್ನು ಓಡಿಸುವುದು ಯಾವುದು?

ಇಳಿಜಾರು ಮಾಡಿನ ಅಟ್ಟಕ್ಕೆ ಗಾಳಿ ಒಳಬರುವುದು ಸೂರಿನ ಕೆಳಮೈಯಲ್ಲಿರುವ ಕಿಂಡಿಗಳಿಂದ. ಹೊರಹೋಗುವುದು ಮಾಡಿನ ನೆತ್ತಿಯುದ್ದಕ್ಕೂ ಬಿಟ್ಟ ಸೀಳಿನಿಂದ, ಅಥವಾ ನೆತ್ತಿಯ ಹತ್ತಿರ ಕೂರಿಸಿದ ಟೋಪಿಯಂತಹ ವೆಂಟ್‌ಗಳಿಂದ. ಕೆಲವು ಮನೆಗಳಲ್ಲಿ ಇವೆರಡರ ಬದಲು ಎರಡು ತುದಿಯ ತ್ರಿಕೋನ ಗೋಡೆಗಳಲ್ಲಿ ಜಾಲರಿ ಇರುತ್ತದೆ.

ಬಿಸಿ ಗಾಳಿ ಹಗುರ, ಮೇಲೇರಿ ಹೊರಹೋಗುತ್ತದೆ, ಅದರ ಜಾಗಕ್ಕೆ ಕೆಳಗಿನಿಂದ ತಂಪು ಗಾಳಿ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ವಿವರಣೆ. ಸುಳ್ಳೇನಲ್ಲ. ಆದರೆ ಆ ಏರಿಕೆಗೆ ಎಷ್ಟು ಬಲವಿದೆ ಎಂದು ಲೆಕ್ಕ ಹಾಕಿ ನೋಡಿದವರು ಕಡಿಮೆ. ಕೆಳಗಿನ ಕಿಂಡಿಗೂ ಮೇಲಿನ ಕಿಂಡಿಗೂ ನಡುವೆ 2 ಮೀಟರ್ ಎತ್ತರವಿದ್ದು, ಅಟ್ಟ ಹೊರಗಿಗಿಂತ 10 ಡಿಗ್ರಿ ಬಿಸಿಯಾಗಿದ್ದರೆ ಹುಟ್ಟುವ ಒತ್ತಡ ಒಂದು ಪ್ಯಾಸ್ಕಲ್‌ಗೂ ಕಡಿಮೆ. ಒಂದು ಪ್ಯಾಸ್ಕಲ್ ಎಂದರೆ ನೀರಿನ ಮಟ್ಟವನ್ನು ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಮೇಲೆತ್ತುವ ಒತ್ತಡ. ಇದರ ಪಕ್ಕದಲ್ಲಿ ಬೀಸುಗಾಳಿಯನ್ನು ಇಟ್ಟು ನೋಡಿ: ಸೆಕೆಂಡಿಗೆ 5 ಮೀಟರ್ ವೇಗದ ಗಾಳಿ, ಎಂದರೆ ಎಲೆಗಳನ್ನು ಅಲುಗಾಡಿಸುವಷ್ಟು ಸಾಧಾರಣವಾದದ್ದು, ಗೋಡೆಗೆ ಬಡಿದಾಗ ಸುಮಾರು 15 ಪ್ಯಾಸ್ಕಲ್ ಒತ್ತಡ ಹೇರಬಲ್ಲದು. ಅದೇ ಗಾಳಿ ಮಾಡಿನ ನೆತ್ತಿಯನ್ನು ದಾಟುವಾಗ ಅಲ್ಲಿ ಹೀರುವ ಬಲ ಹುಟ್ಟುತ್ತದೆ. ಹೀಗಾಗಿ ಅಟ್ಟದ ಗಾಳಿಯಾಟದ ದೊಡ್ಡ ಪಾಲು ಬೀಸುಗಾಳಿಯ ಪುಣ್ಯ. ಬಿಸಿಯ ಏರಿಕೆ ಗಾಳಿಯಿಲ್ಲದ ದಿನಗಳ ಅಲ್ಪ ಸಂಬಳ.

ದೋಷ ಹುಡುಕುವವನಿಗೆ ಈ ಲೆಕ್ಕದಿಂದ ಸಿಗುವ ಸುಳಿವು ಎರಡು. ಇಷ್ಟು ದುರ್ಬಲ ಬಲವನ್ನು ನಿಲ್ಲಿಸಲು ಜೇಡರ ಬಲೆ ಮತ್ತು ಧೂಳು ತುಂಬಿದ ಜಾಲರಿಯೇ ಸಾಕು. ಎರಡನೆಯದು ಹೆಚ್ಚು ಮುಖ್ಯ: ಚಳಿಗಾಲದಲ್ಲಿ ಬೆಚ್ಚಗಿಟ್ಟ ಎರಡಂತಸ್ತಿನ ಮನೆ ಅಟ್ಟಕ್ಕಿಂತ ಎಷ್ಟೋ ಎತ್ತರದ ಚಿಮಣಿ. ಆ ಮನೆ ತನ್ನ ಬಿಸಿ ಗಾಳಿಯನ್ನು ಸೀಲಿಂಗಿನ ಬಿರುಕುಗಳ ಮೂಲಕ ಅಟ್ಟಕ್ಕೆ ತಳ್ಳುವ ಬಲ, ಅಟ್ಟ ತನ್ನ ಗಾಳಿಯನ್ನು ಹೊರದಬ್ಬುವ ಬಲಕ್ಕಿಂತ ಹೆಚ್ಚಿರಬಹುದು.

ಹತ್ತುವ ಮುನ್ನ

ಬಿಸಿಲೇರುವ ಮೊದಲು ಹತ್ತಿ. ಮಧ್ಯಾಹ್ನದ ಅಟ್ಟದಲ್ಲಿ ತಲೆ ಸುತ್ತಿ ಬೀಳುವುದು ಕಟ್ಟುಕಥೆಯಲ್ಲ. ಹೆಜ್ಜೆ ಇಡುವುದು ಜಂತಿಗಳ ಮೇಲೆ ಮಾತ್ರ, ಅವುಗಳ ನಡುವಿನ ಸೀಲಿಂಗ್ ಹಲಗೆ ಮನುಷ್ಯನ ಭಾರ ತಡೆಯುವುದಿಲ್ಲ. ಮಾಸ್ಕ್, ಕೈಗವಸು, ತಲೆಗೆ ಗಟ್ಟಿ ಟೋಪಿ ಇರಲಿ. ಹಳೆಯ ಮನೆಯ ನಿರೋಧಕದಲ್ಲಿ ಕಲ್ನಾರು ಇರುವ ಶಂಕೆಯಿದ್ದರೆ ಅಥವಾ ಬಾವಲಿಗಳ ಹಿಕ್ಕೆ ರಾಶಿ ಬಿದ್ದಿದ್ದರೆ ಕೆದಕಲು ಹೋಗಬೇಡಿ, ಪರೀಕ್ಷಿಸಬಲ್ಲವರನ್ನು ಕರೆಸಿ. ಟಾರ್ಚ್, ತೆಳುವಾದ ಕಾಗದದ ಪಟ್ಟಿ, ಎರಡು ಅಗ್ಗದ ಆರ್ದ್ರತಾ ಮಾಪಕಗಳು, ಸಿಕ್ಕರೆ ಮರದ ತೇವ ಅಳೆಯುವ ಮುಳ್ಳಿನ ಮಾಪಕ: ಇಷ್ಟು ಸಲಕರಣೆ ಸಾಕು.

ಮಳೆ ಸೋರಿದ್ದೋ, ಆವಿ ನೀರಾದದ್ದೋ?

ಸೀಲಿಂಗಿನ ಮೇಲೆ ಕಂದು ಕಲೆ ಬಿದ್ದಾಗ ಮೊದಲು ಬಿಡಿಸಬೇಕಾದ ಒಗಟು ಇದು. ಇದನ್ನು ಬಿಡಿಸದೆ ಮುಂದೆ ಹೋದರೆ, ಸೋರದ ಮಾಡನ್ನು ಬಿಚ್ಚಿಸಿ ಹೊಸದಾಗಿ ಹೊದಿಸಿದ ನಂತರವೂ ಕಲೆ ಹಾಗೆಯೇ ಮರಳುತ್ತದೆ.

ಸೋರಿಕೆ ಒಂದು ಜಾಗದಲ್ಲಿ ಇರುತ್ತದೆ. ಚಿಮಣಿಯ ಬುಡ, ಕೊಳವೆ ಮಾಡನ್ನು ತೂರುವ ಸ್ಥಳ, ಎರಡು ಇಳಿಜಾರುಗಳು ಸೇರುವ ಕಣಿವೆ, ಇವು ಅದರ ತವರು. ಮಳೆಯಾದ ಮೇಲೆ ಒದ್ದೆಯಾಗುತ್ತದೆ. ಪಕಾಸಿನ ಗುಂಟ ನೀರು ಹರಿದ ಗೆರೆ ಕಾಣುತ್ತದೆ. ಕಲೆಗೆ ಮರದ ಅಡ್ಡಕೊಯ್ತದಲ್ಲಿ ಕಾಣುವಂತಹ ವರ್ತುಲಗಳಿರುತ್ತವೆ, ಒಂದೊಂದು ಮಳೆಗೆ ಒಂದೊಂದರಂತೆ. ಸಾಂದ್ರೀಕರಣದ ನೀರು ಹಾಗಲ್ಲ, ಹರಡಿಕೊಂಡಿರುತ್ತದೆ. ಮೋಡವಿಲ್ಲದ ಚಳಿ ರಾತ್ರಿಯ ಮರುದಿನ ಬೆಳಿಗ್ಗೆ ಹೆಚ್ಚು, ಮಧ್ಯಾಹ್ನಕ್ಕೆ ಮಾಯ. ಬಿಸಿಲು ಕಡಿಮೆ ಬೀಳುವ ಇಳಿಜಾರಿನ ಒಳಮೈಯಲ್ಲಿ ಅದು ಮೊದಲು ಕಾಣಿಸುತ್ತದೆ. ಭೂಮಧ್ಯರೇಖೆಯ ಉತ್ತರಕ್ಕಿರುವ ನಾಡುಗಳಲ್ಲಿ ಅದು ಉತ್ತರದ ಇಳಿಜಾರು. ಬೂಷ್ಟು ಕೂಡ ಹಲಗೆಯ ಮೇಲೆ ತೆಳುವಾಗಿ, ಹೆಚ್ಚುಕಡಿಮೆ ಸಮನಾಗಿ ಹಬ್ಬಿರುತ್ತದೆ.

ಎರಡು ವಾರ ಒಂದು ದಿನಚರಿ ಬರೆದರೆ ವಿಷಯ ತಾನಾಗಿ ಬಯಲಾಗುತ್ತದೆ. ಮಳೆ ಬಂತೇ, ರಾತ್ರಿ ಎಷ್ಟು ಚಳಿಯಿತ್ತು, ಬೆಳಿಗ್ಗೆ ಮರ ಒದ್ದೆಯಿತ್ತೇ, ಇಷ್ಟು ಮಾತ್ರ. ಮಳೆಯಿಲ್ಲದ ವಾರದಲ್ಲಿಯೂ ಮರ ಒದ್ದೆಯಾದರೆ ಮಾಡಿನ ಹೊದಿಕೆಯ ಮೇಲೆ ಅನುಮಾನ ಪಡುವುದನ್ನು ಬಿಡಿ.

ತಗಡಿನ ಮಾಡುಗಳಿಗೆ ಇಲ್ಲೊಂದು ವಿನಾಯಿತಿ ಕೊಡಬೇಕು. ತೆರೆದ ಆಕಾಶಕ್ಕೆ ಮುಖಮಾಡಿದ ತಗಡು ರಾತ್ರಿ ತನ್ನ ಶಾಖವನ್ನು ವಿಕಿರಣವಾಗಿ ಚೆಲ್ಲಿ ಸುತ್ತಲಿನ ಗಾಳಿಗಿಂತಲೂ ಹಲವು ಡಿಗ್ರಿ ತಣ್ಣಗಾಗುತ್ತದೆ. ಬಯಲಿನಲ್ಲಿ ನಿಲ್ಲಿಸಿದ ಕಾರಿನ ನೆತ್ತಿ ಬೆಳಗಾಗುವಷ್ಟರಲ್ಲಿ ತೋಯ್ದಿರುವುದು, ಪಕ್ಕದ ಮರದಡಿ ನಿಲ್ಲಿಸಿದ್ದು ಒಣಗಿರುವುದು ಇದೇ ಕಾರಣಕ್ಕೆ. ಹೀಗಾಗಿ ಮನೆಯಿಂದ ಒಂದು ತೊಟ್ಟು ಆವಿ ಏರದಿದ್ದರೂ ತಗಡಿನ ಒಳಮೈಯಲ್ಲಿ ಹೊರಗಿನ ಗಾಳಿಯ ತೇವವೇ ಹನಿಗಟ್ಟಬಹುದು. ಅಂತಹ ಕಡೆ ವೆಂಟ್ ಹೆಚ್ಚಿಸಿದರೆ ಪ್ರಯೋಜನವಿಲ್ಲ. ತಗಡಿನ ಕೆಳಗೆ ನಿರೋಧಕ ಅಥವಾ ನೀರು ಹೀರಿ ಹಗಲಿನಲ್ಲಿ ಒಣಗುವ ಪದರ ಬೇಕು.

ಆವಿ ಎಲ್ಲಿಂದ ಹತ್ತುತ್ತಿದೆ?

ಸಾಂದ್ರೀಕರಣವೆಂದು ಖಚಿತವಾದ ಮೇಲೆ ಕೆಳಗಿಳಿಯಿರಿ. 20 ಡಿಗ್ರಿ ತಾಪ, ಶೇ. 50 ಆರ್ದ್ರತೆ ಇರುವ ಕೋಣೆಯ ಗಾಳಿಯ ಇಬ್ಬನಿ ಬಿಂದು ಸುಮಾರು 9 ಡಿಗ್ರಿ. ಅಂದರೆ ಹಿತವಾದ ಒಂದು ಕೋಣೆಯ ಗಾಳಿ 9 ಡಿಗ್ರಿಗಿಂತ ತಣ್ಣಗಿನ ಯಾವ ಮೈಯನ್ನು ಮುಟ್ಟಿದರೂ ನೀರಾಗುತ್ತದೆ. ಸ್ನಾನದ ಮನೆಯ ಗಾಳಿಯಾದರೆ ಇನ್ನೂ ಮೊದಲೇ. ಈ ಗಾಳಿ ಅಟ್ಟ ಸೇರುವ ದಾರಿಗಳು ಹುಡುಕುವವರೆಗೆ ಕಣ್ಣಿಗೆ ಬೀಳುವುದಿಲ್ಲ: ಸೀಲಿಂಗಿನಲ್ಲಿ ಹುದುಗಿಸಿದ ದೀಪಗಳ ಸುತ್ತ, ವಿದ್ಯುತ್ ತಂತಿ ಮತ್ತು ನೀರಿನ ಕೊಳವೆ ತೂರಿದ ತೂತುಗಳು, ಚಿಮಣಿಯ ಸುತ್ತಲಿನ ಸಂದು, ಒಳಗೋಡೆಗಳ ನೆತ್ತಿ, ಮತ್ತು ಎಲ್ಲಕ್ಕಿಂತ ದೊಡ್ಡದಾಗಿ ಅಟ್ಟ ಹತ್ತುವ ಬಾಗಿಲು. ಆ ಬಾಗಿಲಿನ ಸುತ್ತ ನಾಲ್ಕು ಮಿಲಿಮೀಟರ್ ಸಂದು ಬಿಟ್ಟು ಮಾಡಿನಲ್ಲಿ ಹೊಸ ವೆಂಟ್ ಕೂರಿಸಿದವರನ್ನು ಕಂಡಾಗ ನನಗೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಸೀಲಿಂಗಿನ ಹಲಗೆಯ ಮೂಲಕವೂ ಆವಿ ಇಂಗುತ್ತದೆ, ನಿಜ. ಆದರೆ ಸಂದುಗಳಲ್ಲಿ ಗಾಳಿಯ ಸವಾರಿ ಮಾಡಿ ಹೋಗುವ ಆವಿಯ ಮುಂದೆ ಅದು ತೀರಾ ಕಡಿಮೆ. ಪೂರ್ತಿ ಸೀಲಿಂಗಿಗೆ ಆವಿ ತಡೆಯುವ ಬಣ್ಣ ಬಳಿಯುವುದಕ್ಕಿಂತ ಹತ್ತು ತೂತು ಮುಚ್ಚುವುದು ಮೇಲು.

ಪರೀಕ್ಷೆ ಸರಳ. ಚಳಿಯ ದಿನ ಮನೆಯ ಕಿಟಕಿಬಾಗಿಲುಗಳನ್ನು ಮುಚ್ಚಿ, ತೆಳುವಾದ ಕಾಗದದ ಪಟ್ಟಿಯನ್ನು ಅಟ್ಟದ ಬಾಗಿಲಿನ ಸಂದಿಗೆ, ದೀಪದ ಬಳೆಯ ಅಂಚಿಗೆ ಹಿಡಿಯಿರಿ. ಮೇಲಕ್ಕೆ ಹೊರಳಿದರೆ ಮನೆ ಅಟ್ಟಕ್ಕೆ ಉಸಿರು ಬಿಡುತ್ತಿದೆ. ಅಟ್ಟದಲ್ಲಿ ನಾರಿನ ನಿರೋಧಕ ಹಾಸಿದ್ದರೆ ಅದನ್ನು ಎತ್ತಿ ಕೆಳಮೈ ನೋಡಿ. ಎಲ್ಲಿ ಮಸಿ ಬಳಿದಂತೆ ಕಪ್ಪಾಗಿದೆಯೋ ಅದರ ಕೆಳಗೆ ತೂತಿದೆ. ವರ್ಷಗಟ್ಟಲೆ ಹಾದುಹೋದ ಗಾಳಿಯ ಧೂಳನ್ನು ಆ ನಾರು ಸೋಸಿ ಹಿಡಿದಿಟ್ಟಿರುತ್ತದೆ. ಅನೇಕರು ಇದನ್ನು ಬೂಷ್ಟೆಂದು ತಿಳಿದು ಹಾಸನ್ನೇ ಎಸೆಯುತ್ತಾರೆ. ದೋಷ ಪತ್ತೆಗೆ ಸಿಗುವ ಅತ್ಯುತ್ತಮ ನಕ್ಷೆಯೂ ಅದರೊಂದಿಗೆ ಕಸ ಸೇರುತ್ತದೆ.

ಸ್ನಾನದ ಮನೆಯ ಎಕ್ಸಾಸ್ಟ್ ಫ್ಯಾನಿನ ಕೊಳವೆ ಎಲ್ಲಿ ಕೊನೆಗೊಳ್ಳುತ್ತದೆ ಎಂಬುದನ್ನು ಕಣ್ಣಾರೆ ನೋಡದೆ ನಂಬಬೇಡಿ. ನಮ್ಮ ಮನೆಯ ಅಟ್ಟದಲ್ಲಿ ಒಂದು ಮೂಲೆಯ ಹಲಗೆ ಮಾತ್ರ ಕಪ್ಪಾಗುತ್ತಾ ಬಂದಾಗ, ಮಾಡು ಹೊದಿಸಿದವನು ಗಾಳಿ ಸಾಲದೆಂದು ಎರಡು ವೆಂಟ್ ಹಾಕಿ ಹಣ ಪಡೆದು ಹೋದ. ಮುಂದಿನ ಚಳಿಗೆ ಕಪ್ಪು ಇನ್ನೂ ಹರಡಿತು. ಕೊನೆಗೆ ನಾನೇ ತೆವಳಿಕೊಂಡು ಹೋಗಿ ನೋಡಿದರೆ, ಸುರುಳಿ ಕೊಳವೆ ಸೂರಿನ ಟೋಪಿಯಿಂದ ಕಳಚಿ ನಿರೋಧಕದ ಮೇಲೆ ಮಲಗಿತ್ತು. ಮನೆಮಂದಿಯ ಸ್ನಾನದ ಹಬೆಯೆಲ್ಲ ದಿನವೂ ಆ ಮೂಲೆಗೆ ಸಂದಾಯವಾಗುತ್ತಿತ್ತು. ಒಂದು ಹಿಡಿಕೆ ಬಳೆ, ಒಂದು ಅಂಟುಪಟ್ಟಿ, ಅರ್ಧ ಗಂಟೆಯ ಕೆಲಸ. ಆ ಎರಡು ವೆಂಟ್‌ಗಳು ಇಂದಿಗೂ ನನ್ನನ್ನು ಅಣಕಿಸುತ್ತಾ ನಿಂತಿವೆ.

ಕೊಳವೆಯ ತುದಿಯನ್ನು ಸೂರಿನ ಕಿಂಡಿಯ ಪಕ್ಕದಲ್ಲಿಯೇ ಹೊರಬಿಡುವುದೂ ತಪ್ಪು. ಹೊರಗೆ ಹೋದ ಹಬೆ ಅದೇ ಕಿಂಡಿಯಿಂದ ಮತ್ತೆ ಒಳಬರುತ್ತದೆ. ಗೋಡೆಯ ಮೂಲಕ ಅಥವಾ ಮಾಡನ್ನು ತೂರಿ, ತನ್ನದೇ ಟೋಪಿಯೊಂದಿಗೆ ಅದು ಹೊರಹೋಗಬೇಕು. ತಣ್ಣನೆಯ ಅಟ್ಟದಲ್ಲಿ ಸಾಗುವ ಕೊಳವೆಗೆ ನಿರೋಧಕದ ಹೊದಿಕೆಯೂ ಬೇಕು. ಇಲ್ಲವಾದರೆ ಹಬೆ ಕೊಳವೆಯೊಳಗೇ ನೀರಾಗಿ ಫ್ಯಾನಿನ ಜಾಲರಿಯಿಂದ ತೊಟ್ಟಿಕ್ಕುತ್ತದೆ, ಆಗ ಮನೆಯವರು ಮಾಡು ಸೋರುತ್ತಿದೆ ಎಂದು ಗಾಬರಿಯಾಗುತ್ತಾರೆ.

ಸೂರಿನ ಕಿಂಡಿ ಉಸಿರಾಡುತ್ತಿದೆಯೇ?

ಕೆಳಗಿನ ದಾರಿಗಳನ್ನು ಮುಚ್ಚಿದ ಮೇಲೆ ಗಾಳಿಯ ಒಳದ್ವಾರಕ್ಕೆ ಬನ್ನಿ. ಹಗಲಿನಲ್ಲಿ ಅಟ್ಟದ ದೀಪ ಆರಿಸಿ, ಕಣ್ಣು ಕತ್ತಲೆಗೆ ಹೊಂದುವವರೆಗೆ ಕಾಯಿರಿ. ಸೂರಿನ ಉದ್ದಕ್ಕೂ ಬೆಳಕಿನ ಎಳೆ ಕಾಣಬೇಕು. ಕಾಣದ ಕಡೆಯಲ್ಲಿ ಅಡ್ಡಿ ಇದೆ. ಬಹುಪಾಲು ಅಡ್ಡಿ ನಿರೋಧಕದ್ದೇ: ಮನೆ ಬೆಚ್ಚಗಿರಲೆಂದು ಅಟ್ಟದ ಅಂಚಿನವರೆಗೆ ತುರುಕಿದ ಹಾಸು, ಅಥವಾ ಯಂತ್ರದಿಂದ ಊದಿದ ಪುಡಿ ಕಿಂಡಿಯ ಬಾಯಿಗೆ ಬಿದ್ದಿರುತ್ತದೆ. ಹೊರಗಿನಿಂದ ನೋಡಿದರೆ ಜಾಲರಿಗೆ ಪದರದ ಮೇಲೆ ಪದರ ಬಣ್ಣ ಬಳಿದಿರುತ್ತಾರೆ. ಹಕ್ಕಿಯ ಗೂಡು, ಕಣಜದ ಮನೆ ಬೇರೆ. ಇವೆಲ್ಲಕ್ಕಿಂತ ಸೋಜಿಗದ ಸಂಗತಿಯೊಂದಿದೆ. ಜಾಲರಿ ಚೊಕ್ಕವಾಗಿ ಕೂತಿರುತ್ತದೆ, ಆದರೆ ಅದರ ಹಿಂದಿನ ಹಲಗೆಯನ್ನು ಯಾರೂ ಕೊರೆದೇ ಇರುವುದಿಲ್ಲ. ಅಲಂಕಾರಕ್ಕೆ ಕೂರಿಸಿದ ಇಂತಹ ಕುರುಡು ಕಿಂಡಿಗಳನ್ನು ಹಿಡಿಯಲು ಕತ್ತಲೆಯ ಪರೀಕ್ಷೆಯೊಂದೇ ದಾರಿ.

ಪ್ರತಿ ಎರಡು ಪಕಾಸುಗಳ ನಡುವೆ, ನಿರೋಧಕಕ್ಕೂ ಮಾಡಿನ ಹಲಗೆಗೂ ಮಧ್ಯೆ ಕನಿಷ್ಠ 25 ಮಿಲಿಮೀಟರ್ ತೆರಪು ಇರಬೇಕು. 50 ಇದ್ದರೆ ಒಳ್ಳೆಯದು. ಆ ತೆರಪು ಉಳಿಯಲೆಂದೇ ಪ್ಲಾಸ್ಟಿಕ್ ಅಥವಾ ರಟ್ಟಿನ ದೋಣಿಯಂತಹ ತಟ್ಟೆಗಳು ಸಿಗುತ್ತವೆ. ಅವನ್ನು ಸೂರಿನಿಂದ ನಿರೋಧಕದ ಮಟ್ಟಕ್ಕಿಂತ ಮೇಲಿನವರೆಗೆ ಕೂರಿಸಿ, ಆಮೇಲೆ ಹಾಸನ್ನು ಅದಕ್ಕೆ ಒತ್ತಿ ಇಡಬಹುದು.

ಇನ್ನು ಲೆಕ್ಕ. ಅಟ್ಟದ ನೆಲದ ವಿಸ್ತೀರ್ಣದ 300ನೆಯ ಒಂದು ಭಾಗದಷ್ಟು ಗಾಳಿಯ ದಾರಿ ಇರಬೇಕೆಂಬ ನಿಯಮ ಬಹಳ ಕಡೆ ಚಾಲ್ತಿಯಲ್ಲಿದೆ. ಇದು ಅಮೆರಿಕದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ 1942ರಲ್ಲಿ ತನ್ನ ಕನಿಷ್ಠ ಮಾನದಂಡಗಳಲ್ಲಿ ಸೇರಿಸಿದ ಅನುಪಾತ. ಅಲ್ಲಿನ ಇಂದಿನ ವಸತಿ ಕಟ್ಟಡ ಸಂಹಿತೆಯ ಸಾಮಾನ್ಯ ನಿಯಮ 150ನೆಯ ಒಂದು ಭಾಗ, ಕಿಂಡಿಗಳ ಶೇ. 40ರಿಂದ 50ರಷ್ಟು ಪಾಲು ನೆತ್ತಿಯ ಹತ್ತಿರವೂ ಉಳಿದದ್ದು ಕೆಳಗೂ ಇದ್ದು, ತೀರಾ ಚಳಿಯ ನಾಡುಗಳಲ್ಲಿ ಸೀಲಿಂಗಿನ ಬೆಚ್ಚಗಿನ ಬದಿಗೆ ಆವಿತಡೆಯೂ ಇದ್ದರೆ 300ನೆಯ ಒಂದು ಭಾಗ ಸಾಕೆನ್ನುತ್ತದೆ. ಮೇಲಿನ ಪಾಲು ಅರ್ಧವನ್ನು ಮೀರಬಾರದೆಂಬ ಆ ಮಿತಿಯನ್ನು ಗಮನಿಸಿ, ಅದರ ಮರ್ಮ ಮುಂದಿದೆ.

100 ಚದರ ಮೀಟರಿನ ಅಟ್ಟಕ್ಕೆ 300ನೆಯ ಒಂದು ಭಾಗವೆಂದರೆ ಸುಮಾರು 3,300 ಚದರ ಸೆಂಟಿಮೀಟರ್. ಕೆಳಗೆ 1,650, ಮೇಲೆ 1,650. ಇದು ನಿವ್ವಳ ತೆರಪು ಎಂಬುದನ್ನು ಮರೆಯಬಾರದು. ಜಾಲರಿಯ ತಂತಿ, ಲೂವರ್ ಪಟ್ಟಿಗಳು ನುಂಗುವ ಜಾಗವನ್ನು ಕಳೆದ ಮೇಲೆ ಉಳಿಯುವುದಷ್ಟೇ ಲೆಕ್ಕಕ್ಕೆ. ಪಟ್ಟಿ ಮತ್ತು ಕೀಟದ ಬಲೆ ಎರಡೂ ಇರುವ ಚೌಕಟ್ಟಿನಲ್ಲಿ ಹೊರ ಅಳತೆಯ ಅರ್ಧವೂ ಉಳಿಯದಿರಬಹುದು. ತಯಾರಕರು ಪೆಟ್ಟಿಗೆಯ ಮೇಲೆ ನಿವ್ವಳ ಅಂಕಿಯನ್ನು ಮುದ್ರಿಸಿದ್ದರೆ ಅದನ್ನೇ ಹಿಡಿಯಿರಿ.

ಮೇಲೆ ಹೆಚ್ಚು, ಕೆಳಗೆ ಕಡಿಮೆ ಇದ್ದರೆ

ಹೊರದ್ವಾರ ದೊಡ್ಡದಾಗಿ ಒಳದ್ವಾರ ಕಿರಿದಾದರೆ ಅಟ್ಟ ತನಗೆ ಬೇಕಾದ ಗಾಳಿಯನ್ನು ಬೇರೆಡೆಯಿಂದ ಪಡೆಯುತ್ತದೆ. ಬೇರೆಡೆ ಎಂದರೆ ಸೀಲಿಂಗಿನ ಸಂದುಗಳು. ಬೂಷ್ಟು ಹೋಗಲೆಂದು ನೆತ್ತಿಯಲ್ಲಿ ಕೊರೆದ ಹೊಸ ವೆಂಟ್ ಮನೆಯ ಹಸಿ ಗಾಳಿಯನ್ನು ಇನ್ನಷ್ಟು ಮೇಲೆಳೆದು ಬೂಷ್ಟನ್ನು ಸಾಕುವುದು ಹೀಗೆ. ಮುಂದಿನ ಚಳಿಗೆ ನಮ್ಮ ಅಟ್ಟದ ಕಪ್ಪು ಹರಡಿದ್ದರ ಕಾರಣ ನನಗೆ ಹೊಳೆದದ್ದೂ ಈ ಲೆಕ್ಕ ತಿಳಿದ ಮೇಲೆಯೇ. ಕೆಳಗೆ ಹೆಚ್ಚಾದರೆ ಅಂತಹ ಅಪಾಯವಿಲ್ಲ. ಹೆಚ್ಚಾದ ಒಳದ್ವಾರದಲ್ಲಿ ಕೆಲವು ತಾವೇ ಹೊರದ್ವಾರವಾಗುತ್ತವೆ, ಅಷ್ಟೇ.

ನೆತ್ತಿಯ ಸೀಳಿನ ಜೊತೆಗೆ ತ್ರಿಕೋನ ಗೋಡೆಯ ಜಾಲರಿಯನ್ನೂ ಉಳಿಸಿಕೊಂಡಿರುವ ಮನೆಗಳಲ್ಲಿ ಇನ್ನೊಂದು ಎಡವಟ್ಟು ಆಗುತ್ತದೆ. ಗಾಳಿ ಹತ್ತಿರದ ದಾರಿ ಹಿಡಿಯುತ್ತದೆ. ಗೋಡೆಯ ಜಾಲರಿಯಿಂದ ನುಗ್ಗಿ ಎರಡೇ ಮಾರು ದೂರದ ನೆತ್ತಿಯಿಂದ ಹೊರಬೀಳುತ್ತದೆ. ಸೂರಿನ ಬಳಿಯ ಗಾಳಿ ಕದಲುವುದೇ ಇಲ್ಲ. ಇಲ್ಲಿ ಗುರುತು ಹಿಡಿಯುವುದು ಸುಲಭ: ಮಾಡಿನ ಮೇಲ್ಭಾಗದ ಹಲಗೆ ಒಣಗಿ ಬೆಳ್ಳಗಿರುತ್ತದೆ, ಸೂರಿನ ಹತ್ತಿರದ ಮೂರಡಿ ಮಾತ್ರ ಕಪ್ಪಾಗಿರುತ್ತದೆ. ಗೋಡೆಯ ಜಾಲರಿಯನ್ನು ಒಳಗಿನಿಂದ ಹಲಗೆ ಬಡಿದು ಮುಚ್ಚಿ ಒಂದು ಋತು ನೋಡಿ. ಬೇಡವೆನಿಸಿದರೆ ತೆಗೆಯಬಹುದು, ಖರ್ಚೇನೂ ಇಲ್ಲ.

ವಿದ್ಯುತ್ ಫ್ಯಾನ್ ಬಗ್ಗೆ ನನ್ನ ಅಭಿಪ್ರಾಯ ಕಟುವಾಗಿದೆ. ಅಟ್ಟದ ಬಿಸಿಯನ್ನು ಹೊರಹಾಕಲು ಮಾಡಿನಲ್ಲಿ ಕೂರಿಸುವ ಫ್ಯಾನ್, ಸೂರಿನ ಕಿಂಡಿಗಳು ಕೊಡಬಲ್ಲುದಕ್ಕಿಂತ ಹೆಚ್ಚು ಗಾಳಿ ಬೇಡುತ್ತದೆ. ಕೊರತೆಯನ್ನು ತುಂಬುವುದು ಮನೆಯೊಳಗಿನ, ಹವಾನಿಯಂತ್ರಣ ಯಂತ್ರ ಹಣ ತೆತ್ತು ತಂಪು ಮಾಡಿದ ಗಾಳಿ. ಅದಕ್ಕಿಂತ ಗಂಭೀರವಾದದ್ದು, ಮನೆಯೊಳಗೆ ಚಿಮಣಿಯ ಮೂಲಕ ಹೊಗೆ ಬಿಡುವ ಗ್ಯಾಸ್ ಗೀಸರ್ ಅಥವಾ ಒಲೆ ಇದ್ದರೆ ಈ ಹೀರುವಿಕೆ ಅದರ ಹೊಗೆಯನ್ನು ಹಿಮ್ಮುಖವಾಗಿ ಮನೆಗೇ ಎಳೆಯಬಹುದು. ಆ ಹೊಗೆಯಲ್ಲಿ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಇರಬಹುದು. ಫ್ಯಾನ್ ಓಡುತ್ತಿರುವಾಗ ಗೀಸರಿನ ಹೊಗೆ ಕೊಳವೆಯ ಬುಡಕ್ಕೆ ಕಾಗದದ ಪಟ್ಟಿ ಹಿಡಿದು ನೋಡಿ. ಪಟ್ಟಿ ಕೋಣೆಯ ಕಡೆಗೆ ವಾಲಿದರೆ ಆ ಕ್ಷಣವೇ ಎರಡನ್ನೂ ನಿಲ್ಲಿಸಿ.

ಬೇಯುವ ಅಟ್ಟ

ಮೇಲಂತಸ್ತು ಕುಲುಮೆಯಂತಾಗಿದೆ ಎಂಬ ದೂರಿಗೆ ಗಾಳಿಯಾಟದಿಂದ ಸಿಗುವ ಪರಿಹಾರ ಜನ ನಿರೀಕ್ಷಿಸುವುದಕ್ಕಿಂತ ಕಡಿಮೆ. ಕಡು ಬಣ್ಣದ ಮಾಡು ಬಿಸಿಲಿನಲ್ಲಿ 65-70 ಡಿಗ್ರಿ ಮುಟ್ಟುತ್ತದೆ. ಆ ಕಾದ ಹಲಗೆಯಿಂದ ಸೀಲಿಂಗಿಗೆ ಶಾಖ ಇಳಿಯುವುದು ಬಹುಪಾಲು ವಿಕಿರಣದಿಂದ, ನಡುವಿನ ಗಾಳಿಯನ್ನು ಹೆಚ್ಚು ಮುಟ್ಟದೆ. ಬೆಂಕಿಯ ಮುಂದೆ ಕೂತವನಿಗೆ ಬೀಸಣಿಗೆ ಹಿಡಿದಷ್ಟೇ ಫಲ ಇಲ್ಲಿ ಗಾಳಿಯಾಟದ್ದು.

ಮಧ್ಯಾಹ್ನದ ನಂತರ ಸೀಲಿಂಗಿಗೆ ಅಂಗೈ ಇಟ್ಟು ನೋಡಿ. ಕೋಣೆಯ ಗೋಡೆಗಿಂತ ಸ್ಪಷ್ಟವಾಗಿ ಬಿಸಿಯಿದ್ದರೆ ನಿರೋಧಕ ತೆಳುವಾಗಿದೆ ಅಥವಾ ಅಲ್ಲಲ್ಲಿ ಇಲ್ಲ. ಕೆಲವೇ ತೇಪೆಗಳು ಬಿಸಿಯಿದ್ದರೆ ಹಾಸು ಸರಿದಿದೆ. ಮೊದಲು ಅದನ್ನು ಸರಿಪಡಿಸಿ. ಮಾಡಿನ ಹೊರಮೈಗೆ ಬಿಳಿ ಅಥವಾ ತಿಳಿ ಬಣ್ಣ ಕೊಡಬಹುದಾದರೆ ಶಾಖ ಬಾಗಿಲಲ್ಲಿಯೇ ನಿಲ್ಲುತ್ತದೆ. ಪಕಾಸುಗಳ ಕೆಳಗೆ ಅಲ್ಯೂಮಿನಿಯಂ ಹಾಳೆ ಕಟ್ಟುವುದೂ ಉಪಯುಕ್ತ. ಹೊಳೆಯುವ ಅಲ್ಯೂಮಿನಿಯಂ ತನಗೆ ಬಂದ ಶಾಖದ ವಿಕಿರಣದಲ್ಲಿ ಶೇ. 95ರ ಆಸುಪಾಸನ್ನು ಹಿಂದೆ ಕಳುಹಿಸುತ್ತದೆ. ಅದರ ಹೊಳಪಿನ ಮುಖ ಖಾಲಿ ಜಾಗದ ಕಡೆಗಿರಬೇಕು. ನಿರೋಧಕಕ್ಕೆ ಅಂಟಿಸಿದರೆ ಅದು ಬರೀ ಶಾಖವಾಹಕ ಲೋಹ. ಅಟ್ಟದ ನೆಲದ ಮೇಲೆ ಹಾಸಿದರೆ ಧೂಳು ಕೂತು ಕುರುಡಾಗುತ್ತದೆ.

ಹೊರಗಿನ ಗಾಳಿಯೇ ಹಸಿಯಾಗಿದ್ದರೆ

ಗಾಳಿಯಾಡಿಸಿದರೆ ಒಣಗುತ್ತದೆ ಎಂಬ ಮಾತು ಹೊರಗಿನ ಗಾಳಿ ಒಣಗಿರುವವರೆಗೆ ಮಾತ್ರ ಸತ್ಯ. 30 ಡಿಗ್ರಿ ತಾಪ, ಶೇ. 80 ಆರ್ದ್ರತೆಯ ಗಾಳಿಯ ಇಬ್ಬನಿ ಬಿಂದು ಸುಮಾರು 26 ಡಿಗ್ರಿ. ಅಂತಹ ಹವೆಯಲ್ಲಿ ಅಟ್ಟದೊಳಗೆ ಹವಾನಿಯಂತ್ರಣದ ತಂಪು ಕೊಳವೆ ಸಾಗುತ್ತಿದ್ದರೆ, ಹೊದಿಕೆ ಹರಿದ ಕಡೆಯಲ್ಲೆಲ್ಲ ಅದು ಬೆವರುತ್ತದೆ, ಆ ಬೆವರು ಸೀಲಿಂಗಿನ ಮೇಲೆ ಕಲೆಯಾಗುತ್ತದೆ. ಇಲ್ಲಿ ಕಲೆಯ ಸಾಲು ಕೊಳವೆಯ ದಾರಿಯನ್ನೇ ಅನುಸರಿಸುತ್ತದೆ, ಮತ್ತು ನೀರು ಕಾಣುವುದು ಸೆಖೆಯ ದಿನಗಳಲ್ಲಿ. ಮದ್ದು ಕೊಳವೆಯ ಕೀಲುಗಳನ್ನು ಬಿಗಿಮಾಡಿ ಹೊದಿಕೆಯನ್ನು ಸಂದಿಲ್ಲದಂತೆ ಸುತ್ತುವುದು. ಇನ್ನೊಂದು ವೆಂಟ್ ಹಾಕಿದರೆ ಇನ್ನಷ್ಟು ಆವಿಗೆ ಆಹ್ವಾನ ಕೊಟ್ಟಂತೆ.

ಎರಡು ಆರ್ದ್ರತಾ ಮಾಪಕಗಳು ಬೇಕೆಂದದ್ದು ಇದಕ್ಕಾಗಿ. ಒಂದನ್ನು ಅಟ್ಟದಲ್ಲಿ, ಇನ್ನೊಂದನ್ನು ಹೊರಗೆ ನೆರಳಿನಲ್ಲಿ ಇಡಿ. ಬರೀ ಶೇಕಡಾ ಅಂಕಿಯನ್ನು ಹೋಲಿಸಬೇಡಿ, ತಾಪ ಬದಲಾದರೆ ಅದೂ ಬದಲಾಗುತ್ತದೆ. ಇಬ್ಬನಿ ಬಿಂದುವನ್ನು ಹೋಲಿಸಿ. ಬೆಳಗಿನ ಬಿಸಿಲಿಗೆ ಮರ ತನ್ನ ತೇವ ಬಿಡುವಾಗ ಅಟ್ಟದ ಅಂಕಿ ಕೆಲಕಾಲ ಏರುವುದು ಸಹಜ. ರಾತ್ರಿಯ ಹೊತ್ತಿನಲ್ಲಿಯೂ ಅಟ್ಟದ್ದು ಹೊರಗಿಗಿಂತ ಮೇಲೆಯೇ ಇದ್ದರೆ ಆವಿ ಮನೆಯಿಂದ ಬರುತ್ತಿದೆ. ಎರಡೂ ಒಂದೇ ಆಗಿದ್ದರೆ ಅಟ್ಟಕ್ಕೆ ಹೊರಗಿನ ಹವೆಗಿಂತ ಹೆಚ್ಚಿನದೇನೂ ತಗುಲಿಲ್ಲ.

ಹಿಮ ಬೀಳುವ ನಾಡುಗಳಲ್ಲಿ ಸೂರಿನಂಚಿಗೆ ಮಂಜುಗಡ್ಡೆಯ ಕಟ್ಟೆ ಕಟ್ಟುವುದೂ ಇದೇ ಕುಟುಂಬದ ದೋಷ. ಮನೆಯ ಶಾಖ ಅಟ್ಟಕ್ಕೆ ಸೋರಿ ಮಾಡಿನ ಮೇಲಿನ ಹಿಮವನ್ನು ಕರಗಿಸುತ್ತದೆ, ನೀರು ತಣ್ಣನೆಯ ಸೂರಿನ ಬಳಿ ಮತ್ತೆ ಹೆಪ್ಪುಗಟ್ಟುತ್ತದೆ, ಹಿಂದೆ ನಿಂತ ನೀರು ಹೊದಿಕೆಯ ಅಡಿಯಿಂದ ಒಳನುಗ್ಗುತ್ತದೆ. ನೆರೆಯ ಮಾಡುಗಳ ಮೇಲೆ ಹಿಮ ಉಳಿದು ನಿಮ್ಮದರ ಮೇಲೆ ತೇಪೆ ತೇಪೆಯಾಗಿ ಕರಗಿದ್ದರೆ ಆ ತೇಪೆಗಳ ಕೆಳಗೆ ಹುಡುಕಿ.

ಗಾಳಿಯ ಕಿಂಡಿಗಳೇ ಇಲ್ಲದ, ಮಾಡಿನ ಹಲಗೆಗೇ ನಿರೋಧಕ ಅಂಟಿಸಿ ಮನೆಯ ಭಾಗವಾಗಿಯೇ ಮುಚ್ಚಿದ ಅಟ್ಟಗಳೂ ಇವೆ. ಅವು ಬೇರೆ ಜಾತಿ. ಅವಕ್ಕೆ ಈ ಕೈಪಿಡಿಯ ಕಿಂಡಿಯ ಮಾತುಗಳನ್ನು ಅನ್ವಯಿಸಿ ತೂತು ಕೊರೆದರೆ ಇರುವ ವ್ಯವಸ್ಥೆಯೂ ಕೆಡುತ್ತದೆ.

ದುರಸ್ತಿ ಫಲಿಸಿತೇ?

ಬೂಷ್ಟನ್ನು ಒರೆಸಿ ಬಣ್ಣ ಬಳಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ಏಣಿ ಮಡಿಸಬೇಡಿ. ಮರದ ತೇವವನ್ನು ನಾಲ್ಕೈದು ಕಡೆ ಅಳೆದು, ಅಳೆದ ಜಾಗದಲ್ಲಿಯೇ ಪೆನ್ಸಿಲಿನಿಂದ ದಿನಾಂಕ ಮತ್ತು ಅಂಕಿ ಬರೆಯಿರಿ. ಶೇ. 20ಕ್ಕಿಂತ ಕೆಳಗೆ ನಿಂತರೆ ಮರ ಕೊಳೆಯುವ ಭಯವಿಲ್ಲ, ಶೇ. 28-30ನ್ನು ಮುಟ್ಟಿ ಅಲ್ಲಿಯೇ ಇದ್ದರೆ ಕೊಳೆಸುವ ಶಿಲೀಂಧ್ರಕ್ಕೆ ಹಬ್ಬ. ಒಂದು ಬಾರಿಯ ಅಂಕಿಗಿಂತ ಅದು ಇಳಿಯುತ್ತಿದೆಯೇ ಏರುತ್ತಿದೆಯೇ ಎಂಬುದು ಹೆಚ್ಚು ಹೇಳುತ್ತದೆ. ಒಮ್ಮೆಗೆ ಒಂದೇ ಬದಲಾವಣೆ ಮಾಡಿ. ಕೊಳವೆ ಜೋಡಿಸಿ, ಸಂದು ಮುಚ್ಚಿ, ಕಿಂಡಿ ಬಿಡಿಸಿ, ಫ್ಯಾನ್ ತೆಗೆದು, ಎಲ್ಲವನ್ನೂ ಒಂದೇ ವಾರ ಮಾಡಿದರೆ ಯಾವುದು ಕೆಲಸ ಮಾಡಿತೆಂದು ಮುಂದಿನ ಬಾರಿ ನಿಮಗೇ ಗೊತ್ತಿರುವುದಿಲ್ಲ.

ಮಾಪಕವಿಲ್ಲದವರು ಮೊಳೆಗಳಿಗೇ ಮರಳಬಹುದು. ಕಪ್ಪಾಗಿದ್ದ ಜಾಗದಲ್ಲಿ ಹತ್ತು ಮೊಳೆಗಳ ತುದಿಯನ್ನು ಉಪ್ಪುಕಾಗದದಿಂದ ಹೊಳೆಯುವಂತೆ ಉಜ್ಜಿ, ಪಕ್ಕದ ಹಲಗೆಯ ಮೇಲೆ ಸೀಮೆಸುಣ್ಣದಿಂದ ಗುರುತು ಮಾಡಿ ಇಳಿದು ಬನ್ನಿ. ಚಳಿಗಾಲ ಕಳೆದ ಮೇಲೆ ಟಾರ್ಚ್ ಹಿಡಿದು ಮತ್ತೆ ಹತ್ತಿ ಅವೇ ಹತ್ತು ಮೊಳೆಗಳನ್ನು ನೋಡಿ.